ವೃತ್ತಿನೀತಿಯ ಬೋಧನೆ: ತತ್ತ್ವಶಾಸ್ತ್ರವನ್ನು ಓದದ ಅಧ್ಯಾಪಕರಿಗೆ

ವರ್ಷಾರಂಭದ ವೇಳಾಪಟ್ಟಿಯಲ್ಲಿ ತಮ್ಮ ಹೆಸರಿನ ಎದುರು ‘ವೃತ್ತಿನೀತಿ’ ಎಂಬ ವಿಷಯವನ್ನು ಕಂಡ ಅಧ್ಯಾಪಕರಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ‘ಇದನ್ನು ಕಲಿಸಲು ನನಗೇನು ಅರ್ಹತೆಯಿದೆ?’ ಈ ಪ್ರಶ್ನೆ ಈಗ ಅನೇಕರದಾಗಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ 2018ರ ಮಾದರಿ ಪಠ್ಯಕ್ರಮದಲ್ಲಿ ಮಾನವೀಯ ಮೌಲ್ಯಗಳ ಪಾಠಕ್ಕೆ ಸ್ಥಾನ ದೊರೆಯಿತು. 2019ರಲ್ಲಿ ವೈದ್ಯಕೀಯ ಪದವಿಯ ಹೊಸ ಪಠ್ಯಕ್ರಮದೊಡನೆ ಮನೋಭಾವ, ನೀತಿ ಮತ್ತು ಸಂವಹನ ಎಂಬ ಭಾಗವು ಸೇರಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯನ್ನು ಕುರಿತ 2 ಕ್ರೆಡಿಟ್‌ಗಳ, 30 ಗಂಟೆಗಳ ಪಾಠವನ್ನು ಗೊತ್ತುಪಡಿಸಿತು. ಪಾಠಗಳು ಬಂದವು, ಆದರೆ ಅವುಗಳನ್ನು ಕಲಿಸಲು ಪ್ರತಿಯೊಂದು ಕಾಲೇಜಿನಲ್ಲಿಯೂ ತತ್ತ್ವಶಾಸ್ತ್ರದ ವಿಭಾಗವಿಲ್ಲ. ಆದುದರಿಂದ ಎಂಜಿನಿಯರಿಂಗ್, ವಾಣಿಜ್ಯ, ಶುಶ್ರೂಷೆ, ಶಿಕ್ಷಣಶಾಸ್ತ್ರಗಳ ಅಧ್ಯಾಪಕರೇ ಈ ಹೊಣೆಯನ್ನು ಹೊರಬೇಕಾಗಿದೆ.

ಗಡಿನಾಡಿನ ಕನ್ನಡ ಅಧ್ಯಾಪಕರಿಗೆ ಈ ಹೊಣೆಯ ಇನ್ನೊಂದು ಮುಖವೂ ಉಂಟು. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಕಾಲೇಜನ್ನು ಸೇರಿದ ಮೇಲೆ ನೀತಿಯ ಪಾಠವನ್ನು ಬೇರೆ ಭಾಷೆಯಲ್ಲಿ ಕೇಳುತ್ತಾರೆ. ಪರಿಭಾಷೆಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಮುಂದೆ ಆಸ್ಪತ್ರೆಯಲ್ಲಿಯೋ ಕಾರ್ಖಾನೆಯಲ್ಲಿಯೋ ಕಷ್ಟದ ಗಳಿಗೆ ಎದುರಾದಾಗ ಆ ಪರಿಭಾಷೆ ನೆರವಿಗೆ ಬಾರದು. ಆದುದರಿಂದ ಪದವಿ ತರಗತಿಗಳಲ್ಲಿ, ಶಿಕ್ಷಕ ತರಬೇತಿ ಕಾಲೇಜುಗಳಲ್ಲಿ ಕಲಿಸುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ತತ್ತ್ವಶಾಸ್ತ್ರದ ತರಬೇತಿಯಿಲ್ಲದಿರುವುದು ಈ ಕೆಲಸಕ್ಕೆ ಅಡ್ಡಿಯಲ್ಲ. ಕಾರಣ ಕೊಡುವ ಶಿಸ್ತನ್ನು ತರಗತಿಯಲ್ಲಿ ಬೆಳೆಸದಿರುವುದೇ ಅಡ್ಡಿ ಎಂಬುದು ಇದರ ಮುಖ್ಯ ಪ್ರತಿಪಾದನೆ.

1. ವೃತ್ತಿನೀತಿ ಎಂದರೇನು?

ಸುಳ್ಳು ಹೇಳಬಾರದು, ಕದಿಯಬಾರದು ಎಂಬುದು ಸಾಮಾನ್ಯ ಸದಾಚಾರ. ಅದನ್ನು ಮನೆಯಲ್ಲಿಯೂ ಪ್ರಾಥಮಿಕ ಶಾಲೆಯಲ್ಲಿಯೂ ಕಲಿತೇ ವಿದ್ಯಾರ್ಥಿಗಳು ಕಾಲೇಜಿಗೆ ಬಂದಿರುತ್ತಾರೆ. ಕೊಟ್ಟ ಮಾತಿಗೆ ತಪ್ಪದ ಗೋವಿನ ಕಥೆಯನ್ನು ಅವರಿಗೆ ಮತ್ತೊಮ್ಮೆ ಹೇಳಬೇಕಾಗಿಲ್ಲ. ಕಾನೂನು ಇನ್ನೊಂದು, ಅದು ಮಾಡಬಾರದ್ದನ್ನು ಗೊತ್ತುಪಡಿಸಿ ಶಿಕ್ಷೆಯನ್ನು ವಿಧಿಸುತ್ತದೆ. ವೃತ್ತಿನೀತಿಯು ಇವೆರಡಕ್ಕೂ ಹೊಂದಿಕೊಂಡಿದ್ದರೂ ಇವುಗಳಲ್ಲಿ ಮುಗಿದುಹೋಗುವುದಿಲ್ಲ.

ವೃತ್ತಿಯೆಂದರೆ ವಿಶೇಷ ತಿಳಿವಳಿಕೆಯುಳ್ಳ ಉದ್ಯೋಗ. ರೋಗಿಗೆ ಔಷಧದ ಗುಣದೋಷ ತಿಳಿಯದು, ವೈದ್ಯರಿಗೆ ತಿಳಿದಿದೆ. ಸೇತುವೆಯ ಮೇಲೆ ನಡೆಯುವವರಿಗೆ ಅದರ ಕಬ್ಬಿಣದ ಬಲ ತಿಳಿಯದು, ಎಂಜಿನಿಯರಿಗೆ ತಿಳಿದಿದೆ. ತಂದೆತಾಯಿಗಳು ತಮ್ಮ ಮಗುವನ್ನು ದಿನಕ್ಕೆ ಆರು ಗಂಟೆ ಶಿಕ್ಷಕರ ವಶಕ್ಕೆ ಒಪ್ಪಿಸುತ್ತಾರೆ. ತಿಳಿಯದವರು ತಿಳಿದವರನ್ನು ನಂಬಿ ತಮ್ಮ ದೇಹ, ಹಣ, ಮಕ್ಕಳನ್ನು ಒಪ್ಪಿಸಿದಾಗ ತಿಳಿದವರ ಮೇಲೆ ಬೀಳುವ ಹೆಚ್ಚಿನ ಹೊಣೆಯೇ ವೃತ್ತಿನೀತಿ. ಈ ಒಂದು ವಾಕ್ಯ ವಿದ್ಯಾರ್ಥಿಗಳ ಮನಸ್ಸಿಗೆ ಹತ್ತಿದರೆ ಮೊದಲನೆಯ ಪಾಠ ಸಾರ್ಥಕವಾದಂತೆ.

ಇಲ್ಲಿ ಏಳುವ ಸಮಸ್ಯೆಗಳು ಬಹುಪಾಲು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನವಲ್ಲ. ಎರಡು ಕರ್ತವ್ಯಗಳ ನಡುವಿನವು. ಲೆಕ್ಕಪರಿಶೋಧಕರು ಕಕ್ಷಿಗಾರರ ಗುಟ್ಟನ್ನು ಕಾಯಬೇಕು. ಅವರ ಲೆಕ್ಕವನ್ನು ನಂಬಿ ಸಾಲ ಕೊಡುವ ಬ್ಯಾಂಕಿಗೂ ಮೋಸವಾಗಬಾರದು. ಶಿಕ್ಷಕಿಯೊಬ್ಬರಿಗೆ ವಿದ್ಯಾರ್ಥಿನಿಯು ನಂಬಿ ಹೇಳಿದ ಮಾತನ್ನು ಬಯಲು ಮಾಡಬಾರದು. ಆ ಹುಡುಗಿಗೆ ಅಪಾಯವಿದ್ದರೆ ಸುಮ್ಮನಿರಲೂ ಬಾರದು. ಇಂಥ ಕಡೆ ‘ಒಳ್ಳೆಯವರಾಗಿರಿ’ ಎಂಬ ಉಪದೇಶದಿಂದ ಏನೂ ಬಗೆಹರಿಯುವುದಿಲ್ಲ. ಯಾವ ಕರ್ತವ್ಯ ಎಷ್ಟರಮಟ್ಟಿಗೆ ಮೇಲು, ಏಕೆ, ಯಾರಿಗೆ ಏನನ್ನು ಹೇಳಬೇಕು ಎಂಬುದನ್ನು ಬಿಡಿಸಿ ನೋಡುವ ಅಭ್ಯಾಸ ಬೇಕು.

2. ತತ್ತ್ವಶಾಸ್ತ್ರ ಎಷ್ಟು ಬೇಕು?

ಈ ಪ್ರಶ್ನೆಗೆ ಉತ್ತರವನ್ನು ಅಮೆರಿಕದ ಒಂದು ಅನುಭವದಿಂದ ಪಡೆಯಬಹುದು. ಆ ದೇಶದ ಟಸ್ಕೀಗಿ ಎಂಬಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ರೋಗಕ್ಕೆ ತುತ್ತಾಗಿದ್ದ ಸುಮಾರು 400 ಮಂದಿ ಕಪ್ಪು ಜನಾಂಗದ ಪುರುಷರನ್ನು ಸರ್ಕಾರಿ ಆರೋಗ್ಯ ಸೇವೆಯ ವೈದ್ಯರು ಚಿಕಿತ್ಸೆ ಕೊಡದೆ ಕೇವಲ ಗಮನಿಸುತ್ತ ಬಂದರು. ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ಸಂಗತಿ ಬಯಲಾದ ಮೇಲೆ, 1974ರಲ್ಲಿ, ಮನುಷ್ಯರ ಮೇಲೆ ನಡೆಯುವ ಸಂಶೋಧನೆಗಳ ನೀತಿಯನ್ನು ನಿರ್ಧರಿಸಲು ಒಂದು ರಾಷ್ಟ್ರೀಯ ಆಯೋಗವು ನೇಮಕವಾಯಿತು. ಅದರಲ್ಲಿ 11 ಸದಸ್ಯರಿದ್ದರು. ಅವರು ಬೇರೆ ಬೇರೆ ವೃತ್ತಿಗಳವರು, ಬೇರೆ ಬೇರೆ ನಂಬಿಕೆಗಳವರು.

ಆಯೋಗದ ಸದಸ್ಯರಾಗಿದ್ದ ಆಲ್ಬರ್ಟ್ ಜಾನ್ಸೆನ್ ಅವರೂ ಅದರೊಡನೆ ಕೆಲಸ ಮಾಡಿದ ತತ್ತ್ವಜ್ಞ ಸ್ಟೀಫನ್ ಟೂಲ್ಮಿನ್ ಅವರೂ 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮಹತ್ತ್ವದ ಸಂಗತಿಯನ್ನು ದಾಖಲಿಸಿದ್ದಾರೆ. ಮಕ್ಕಳ ಮೇಲಿನ ಈ ಪ್ರಯೋಗ ಸರಿಯೇ, ಸೆರೆಮನೆಯಲ್ಲಿರುವವರ ಮೇಲಿನ ಆ ಪ್ರಯೋಗ ಸರಿಯೇ ಎಂದು ಒಂದೊಂದೇ ಪ್ರಕರಣವನ್ನು ಮುಂದಿಟ್ಟುಕೊಂಡು ಚರ್ಚಿಸುವಾಗ ಸದಸ್ಯರು ಬಹುಮಟ್ಟಿಗೆ ಒಮ್ಮತಕ್ಕೆ ಬರುತ್ತಿದ್ದರು. ಏಕೆ ಸರಿ, ಏಕೆ ತಪ್ಪು ಎಂಬುದರ ಮೂಲ ತತ್ತ್ವವನ್ನು ಹೇಳಲು ಹೊರಟಾಗ ಮಾತ್ರ ಭಿನ್ನಾಭಿಪ್ರಾಯಗಳು ಏಳುತ್ತಿದ್ದವು. ಕೊನೆಗೆ 1979ರಲ್ಲಿ ಹೊರಬಂದ ಬೆಲ್ಮಾಂಟ್ ವರದಿಯು ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ಸರಳ ಸೂತ್ರಗಳನ್ನು ಮುಂದಿಟ್ಟಿತು.

ಇದರಿಂದ ನಾವು ಕಲಿಯಬೇಕಾದುದು ಎರಡು. ಮೊದಲನೆಯದು, ಸಿದ್ಧಾಂತದಿಂದ ಆರಂಭಿಸಿ ಪ್ರಕರಣಕ್ಕೆ ಇಳಿಯಬೇಕೆಂಬ ನಿಯಮವಿಲ್ಲ. ಪ್ರಕರಣದಿಂದ ಆರಂಭಿಸಿ ಸೂತ್ರಕ್ಕೆ ಏರಬಹುದು. ತಮ್ಮ ವೃತ್ತಿಯ ಪ್ರಕರಣಗಳನ್ನು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಿಗಿಂತ ಶುಶ್ರೂಷೆಯ ಅಧ್ಯಾಪಕಿಯೇ, ಸಿವಿಲ್ ಎಂಜಿನಿಯರಿಂಗಿನ ಅಧ್ಯಾಪಕರೇ ಚೆನ್ನಾಗಿ ಬಲ್ಲರು. ಎರಡನೆಯದು, ಸೂತ್ರಗಳು ಕೆಲವೇ ಇದ್ದರೆ ಸಾಕು. ಯಾರ ಸಮ್ಮತಿಯನ್ನು ಕೇಳಬೇಕಾಗಿತ್ತು? ಯಾರಿಗೆ ಹಿತ, ಯಾರಿಗೆ ಕೇಡು? ಲಾಭ ಒಬ್ಬರಿಗೆ, ಕಷ್ಟ ಇನ್ನೊಬ್ಬರಿಗೆ ಆಯಿತೇ? ಈ ಮೂರು ಪ್ರಶ್ನೆಗಳನ್ನು ಯಾವ ವೃತ್ತಿಯ ಪ್ರಕರಣಕ್ಕೂ ಹಾಕಬಹುದು.

ಹಾಗೆಂದು ತತ್ತ್ವಶಾಸ್ತ್ರವನ್ನು ಹಗುರವಾಗಿ ಕಾಣಬಾರದು. ಫಲವನ್ನು ನೋಡಿ ಕಾರ್ಯವನ್ನು ಅಳೆಯುವ ಉಪಯುಕ್ತತಾವಾದ, ಫಲವೇನೇ ಇರಲಿ ಕರ್ತವ್ಯ ಕರ್ತವ್ಯವೇ ಎನ್ನುವ ಕಾಂಟನ ನಿಲುವು, ಸದ್ಗುಣದ ಅಭ್ಯಾಸಕ್ಕೆ ಒತ್ತು ಕೊಡುವ ಅರಿಸ್ಟಾಟಲನ ನಿಲುವು ಇವುಗಳ ಪರಿಚಯವನ್ನು ಅಧ್ಯಾಪಕರು ಮಾಡಿಕೊಳ್ಳುವುದು ಒಳಿತು. ಎಚ್ಚರ ಬೇಕಾದುದು ಚೀಟಿ ಅಂಟಿಸುವ ಅಭ್ಯಾಸದ ವಿಷಯದಲ್ಲಿ. ‘ಇದು ಉಪಯುಕ್ತತಾವಾದ, ಅದು ಕರ್ತವ್ಯವಾದ’ ಎಂದು ಹೆಸರಿಟ್ಟ ಮಾತ್ರಕ್ಕೆ ವಿದ್ಯಾರ್ಥಿಗಳು ಯೋಚಿಸಿದಂತಾಗುವುದಿಲ್ಲ. ತತ್ತ್ವಶಾಸ್ತ್ರದ ತರಬೇತಿಯಿಂದ ನಿಜವಾಗಿ ದೊರೆಯುವುದು ಹೆಸರುಗಳಲ್ಲ, ವಾದವನ್ನು ಪರೀಕ್ಷಿಸುವ ಶಿಸ್ತು. ‘ನೀವು ಈಗ ಹೇಳಿದ ಕಾರಣ ಈ ಇನ್ನೊಂದು ಪ್ರಕರಣಕ್ಕೂ ಅನ್ವಯಿಸುತ್ತದೆಯೇ?’ ಎಂದು ಕೇಳುವುದು ಆ ಶಿಸ್ತಿನ ಮೊದಲ ಮೆಟ್ಟಿಲು. ಇದನ್ನು ಯಾವ ವಿಷಯದ ಅಧ್ಯಾಪಕರೂ ರೂಢಿಸಿಕೊಳ್ಳಬಹುದು. ತಮಗೆ ಮೀರಿದ ಪ್ರಶ್ನೆ ಬಂದಾಗ ‘ಇದನ್ನು ನಾನು ಓದಿ ಬರುತ್ತೇನೆ’ ಎನ್ನಲು ಸಂಕೋಚ ಬೇಡ. ಪ್ರಾಮಾಣಿಕವಾದ ಆ ಮಾತೂ ವೃತ್ತಿನೀತಿಯ ಪಾಠವೇ.

3. ಒಂದು ಪ್ರಕರಣ: ಕಾಸರಗೋಡಿನ ಎಂಡೋಸಲ್ಫಾನ್

ಪ್ರಕರಣವನ್ನು ಆರಿಸುವಾಗ ಮೂರು ಗುಣಗಳನ್ನು ನೋಡಬೇಕು. ಅದು ನಿಜವಾಗಿ ನಡೆದುದಾಗಿರಬೇಕು. ಅದರಲ್ಲಿ ಒಂದಕ್ಕಿಂತ ಹೆಚ್ಚು ವೃತ್ತಿಗಳವರು ಪಾಲುಗೊಂಡಿರಬೇಕು. ವಿದ್ಯಾರ್ಥಿಗಳಿಗೆ ಅದರ ನೆಲ ಪರಿಚಿತವಾಗಿರಬೇಕು. ಗಡಿನಾಡಿನ ಕನ್ನಡಿಗರಿಗೆ ಇಂಥ ಪ್ರಕರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಕೇರಳ ಸರ್ಕಾರದ ತೋಟಗಾರಿಕೆ ನಿಗಮವು ಕಾಸರಗೋಡು ಜಿಲ್ಲೆಯ ಗೇರು ತೋಟಗಳಲ್ಲಿ ಟೀ ಸೊಳ್ಳೆಯ ಹಾವಳಿಯನ್ನು ತಡೆಯಲು 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿತು. ತೋಟಗಳು ಗುಡ್ಡಗಳ ಮೇಲಿದ್ದವು. ಮನೆ, ಶಾಲೆ, ಗದ್ದೆಗಳು ತಗ್ಗಿನಲ್ಲಿದ್ದವು. ಕುಡಿಯುವ ನೀರಿಗೆ ಜನರು ತೆರೆದ ಬಾವಿ, ಸುರಂಗ, ತೋಡುಗಳನ್ನು ಆಶ್ರಯಿಸಿದ್ದರು.

ಎಣ್ಮಕಜೆ ಗ್ರಾಮ ಪಂಚಾಯತಿಯ ಪಡ್ರೆಯ ಪರಿಸರದಲ್ಲಿ ಕರುಗಳು ಅಂಗವೈಕಲ್ಯದಿಂದ ಹುಟ್ಟುತ್ತಿರುವುದನ್ನು ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆ ಅವರು ಬಹು ಮುಂಚೆಯೇ ಬರಹದ ಮೂಲಕ ಜನರ ಗಮನಕ್ಕೆ ತಂದರು. ಅಲ್ಲಿಯೇ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರ್ ಅವರು ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಮೊದಲಾದವು ಸಾಮಾನ್ಯಕ್ಕಿಂತ ಹೆಚ್ಚಾಗಿರುವುದನ್ನು ಕಂಡು ವೈದ್ಯಬಂಧುಗಳ ಗಮನವನ್ನು ಸೆಳೆದರು. ಪೆರಿಯದಲ್ಲಿ ನೆಲಸಿದ್ದ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಅವರು 1998ರಲ್ಲಿ ಸಿಂಪಡಣೆಯ ವಿರುದ್ಧ ಹೊಸದುರ್ಗದ ನ್ಯಾಯಾಲಯಕ್ಕೆ ಹೋದರು. ಸಿಂಪಡಣೆಗೆ ತಡೆಯಾಯಿತು.

ಆಮೇಲೆ ಅಧ್ಯಯನಗಳು ನಡೆದವು. ನಿಗಮವೇ ಮಾಡಿಸಿದ ಅಧ್ಯಯನವೂ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅಧ್ಯಯನವೂ ಪರಸ್ಪರ ವಿರುದ್ಧವಾದ ಫಲಿತಾಂಶಗಳನ್ನು ಕೊಟ್ಟವು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ ಶಾಲೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಬೇರೊಂದು ಗ್ರಾಮದ ಮಕ್ಕಳೊಡನೆ ಹೋಲಿಸಿದರು. ಅದರ ಒಂದು ಭಾಗವಾಗಿ, 10ರಿಂದ 19 ವರ್ಷದ 117 ಹುಡುಗರನ್ನು ಸಿಂಪಡಣೆಗೆ ಒಳಗಾಗದ 90 ಹುಡುಗರೊಡನೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಎಂಡೋಸಲ್ಫಾನಿನ ಸಂಪರ್ಕದಿಂದ ಹುಡುಗರ ಪ್ರಾಯದ ಬೆಳವಣಿಗೆ ತಡವಾಗಬಹುದೆಂದು ಸೂಚಿಸಿದರು. ತಮ್ಮ ಮಾದರಿಯ ಸಂಖ್ಯೆ ಚಿಕ್ಕದು, ಕೆಲವರು ಅಧ್ಯಯನದಲ್ಲಿ ಭಾಗವಹಿಸಲಿಲ್ಲ ಎಂಬ ಮಿತಿಯನ್ನೂ ಅದೇ ಲೇಖನದಲ್ಲಿ ತಿಳಿಸಿದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಈ ಪ್ರಕರಣದಲ್ಲಿ ಕೃಷಿವಿಜ್ಞಾನಿ, ನಿಗಮದ ಅಧಿಕಾರಿ, ಹೆಲಿಕಾಪ್ಟರ್ ಚಾಲಕ, ವೈದ್ಯ, ಪತ್ರಕರ್ತ, ಸರ್ಕಾರಿ ನೌಕರ, ಸಂಶೋಧಕ, ವಕೀಲ ಎಲ್ಲರೂ ಇದ್ದಾರೆ. ಶಿಕ್ಷಕರೂ ಇದ್ದಾರೆ, ಅಧ್ಯಯನ ನಡೆದುದು ಶಾಲೆಯ ಮಕ್ಕಳ ಮೇಲಲ್ಲವೇ? ಆದುದರಿಂದ ಯಾವ ವೃತ್ತಿಯ ತರಗತಿಗೂ ಇದು ಹೊಂದುತ್ತದೆ.

4. ತರಗತಿಯಲ್ಲಿ ನಡೆಸುವ ಕ್ರಮ

ಈ ಪ್ರಕರಣಕ್ಕೆ ಮೂರು ಪಾಠದ ಅವಧಿಗಳನ್ನು ಇಟ್ಟುಕೊಳ್ಳಬಹುದು.

ಮೊದಲನೆಯ ಅವಧಿ ಸಂಗತಿಗಳಿಗೆ ಮೀಸಲು. ಮೇಲಿನ ಸಂಗತಿಗಳನ್ನು ಒಂದು ಪುಟದಲ್ಲಿ ಬರೆದು ಹಂಚಬೇಕು. ‘ಇದರಲ್ಲಿ ಖಚಿತವಾಗಿ ಗೊತ್ತಿರುವುದು ಯಾವುದು, ಊಹೆ ಯಾವುದು, ವಿವಾದದಲ್ಲಿರುವುದು ಯಾವುದು?’ ಎಂದು ಮೂರು ಪಟ್ಟಿಗಳನ್ನು ಮಾಡಿಸಬೇಕು. ಸಿಂಪಡಣೆ ನಡೆದುದು ಖಚಿತ. ನಿರ್ದಿಷ್ಟ ವ್ಯಕ್ತಿಯೊಬ್ಬರ ರೋಗಕ್ಕೆ ಅದೇ ಕಾರಣವೆಂದು ಸಾಧಿಸುವುದು ಬಹು ಕಠಿಣ. ಈ ಭೇದವನ್ನು ಅರಿಯದೆ ಮಾಡುವ ನೈತಿಕ ತೀರ್ಮಾನಕ್ಕೆ ಬೆಲೆಯಿಲ್ಲ. ನೀತಿಯ ಚರ್ಚೆಗಳು ದಾರಿ ತಪ್ಪುವುದು ಹೆಚ್ಚಾಗಿ ಮೌಲ್ಯಗಳ ಭೇದದಿಂದಲ್ಲ, ಸಂಗತಿಗಳ ಅಜ್ಞಾನದಿಂದ.

ಎರಡನೆಯ ಅವಧಿಯಲ್ಲಿ ತರಗತಿಯನ್ನು ಗುಂಪುಗಳಾಗಿ ಮಾಡಿ ಪ್ರತಿಯೊಂದು ಗುಂಪನ್ನೂ ಒಬ್ಬ ವೃತ್ತಿನಿರತರ ಸ್ಥಾನದಲ್ಲಿ ನಿಲ್ಲಿಸಬೇಕು. ಇಲ್ಲಿ ಮುಖ್ಯವಾದ ನಿಯಮವೊಂದಿದೆ. 2011ರ ತೀರ್ಪಿನ ತಿಳಿವಳಿಕೆಯಿಂದ 1990ರ ದಶಕದ ವೈದ್ಯರನ್ನು ಅಳೆಯಬಾರದು. ಆ ದಿನ ಅವರಿಗೆ ಗೊತ್ತಿದ್ದಷ್ಟರಿಂದಲೇ ಯೋಚಿಸಬೇಕು. ಗುಂಪುಗಳಿಗೆ ಈ ಬಗೆಯ ಪ್ರಶ್ನೆಗಳನ್ನು ಕೊಡಬಹುದು:

ವೈದ್ಯರಿಗೆ: ನಿಮ್ಮಲ್ಲಿ ಪುರಾವೆಯಿಲ್ಲ, ಅನುಮಾನವಿದೆ. ಬಹಿರಂಗವಾಗಿ ಹೇಳಿದರೆ ಜನ ಗಾಬರಿಗೊಳ್ಳಬಹುದು. ಸುಮ್ಮನಿದ್ದರೆ ಕೇಡು ಮುಂದುವರಿಯಬಹುದು. ಮೊದಲು ಯಾರಿಗೆ, ಯಾವ ಮಾತುಗಳಲ್ಲಿ ತಿಳಿಸುವಿರಿ?

ಸರ್ಕಾರಿ ನೌಕರರಿಗೆ: ಸರ್ಕಾರದ ಒಡೆತನದ ನಿಗಮದ ಕೆಲಸವನ್ನು ನೀವೇ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೇ? ಸೇವಾನಿಷ್ಠೆ ಯಾರಿಗೆ ಸಲ್ಲಬೇಕು?

ನಿಗಮದ ತೋಟದ ಅಧಿಕಾರಿಗೆ: ಕೀಟನಾಶಕಕ್ಕೆ ಸರ್ಕಾರದ ಅನುಮತಿಯಿದೆ, ಬೆಳೆಯನ್ನು ಉಳಿಸುವುದು ನಿಮ್ಮ ಕೆಲಸ. ಅನುಮತಿಯಿದ್ದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯಿತೇ? ಬಾವಿಗಳನ್ನು ಮುಚ್ಚಬೇಕೆಂಬ ಸೂಚನೆ ಪ್ರತಿಯೊಂದು ಮನೆಗೂ ಅವರ ಭಾಷೆಯಲ್ಲಿ ತಲುಪಿತೇ ಎಂದು ನೋಡುವವರು ಯಾರು?

ಸಂಶೋಧಕರಿಗೆ: ಅಧ್ಯಯನಕ್ಕೆ ಹಣ ಕೊಟ್ಟವರಿಗೆ ಫಲಿತಾಂಶದಲ್ಲಿ ಲಾಭನಷ್ಟವಿದ್ದರೆ ನೀವು ಏನನ್ನು ಬಹಿರಂಗಪಡಿಸಬೇಕು? ನಿಮ್ಮ ಫಲಿತಾಂಶದ ಮಿತಿಯನ್ನು ಬರೆದರೆ ಎದುರಾಳಿಗಳು ಅದನ್ನೇ ಹಿಡಿದು ವಾದಿಸುತ್ತಾರೆಂದು ತಿಳಿದೂ ಬರೆಯಬೇಕೇ?

ಮುಖ್ಯೋಪಾಧ್ಯಾಯರಿಗೆ: ನಿಮ್ಮ ಶಾಲೆಯ ಮಕ್ಕಳ ದೇಹಪರೀಕ್ಷೆ ನಡೆಯಬೇಕಾಗಿದೆ. ತಂದೆತಾಯಿಗಳ ಸಮ್ಮತಿಯನ್ನು ಹೇಗೆ ಪಡೆಯುವಿರಿ? ಓದುಬರಹ ಬಾರದವರಿಗೆ ಹೇಗೆ ತಿಳಿಸುವಿರಿ? ಬೇಡವೆಂದವರ ಮಕ್ಕಳನ್ನು ಹೇಗೆ ಕಾಣುವಿರಿ?

ಮೂರನೆಯ ಅವಧಿಯಲ್ಲಿ ಗುಂಪುಗಳು ತಮ್ಮ ತೀರ್ಮಾನವನ್ನೂ ಕಾರಣವನ್ನೂ ಮಂಡಿಸಬೇಕು. ಪ್ರತಿಯೊಂದು ಗುಂಪೂ ತನ್ನ ತೀರ್ಮಾನಕ್ಕೆ ವಿರುದ್ಧವಾದ ಅತ್ಯಂತ ಬಲವಾದ ವಾದವನ್ನು ತಾನೇ ಹೇಳಿ ಅದಕ್ಕೆ ಉತ್ತರ ಕೊಡಬೇಕು. ಇದೊಂದು ನಿಯಮದಿಂದ ಚರ್ಚೆಯ ಮಟ್ಟ ಬಹಳ ಏರುತ್ತದೆ. ಕೊನೆಯ ಹತ್ತು ನಿಮಿಷಗಳಲ್ಲಿ ಅಧ್ಯಾಪಕರು ಚರ್ಚೆಯಿಂದ ಹೊರಬಂದ ಸೂತ್ರಗಳನ್ನು ಹಲಗೆಯ ಮೇಲೆ ಬರೆಯಬೇಕು. ಹಿತಾಸಕ್ತಿಯ ಸಂಘರ್ಷ, ಅರಿವುಳ್ಳ ಸಮ್ಮತಿ, ಮುನ್ನೆಚ್ಚರಿಕೆ, ಗೌಪ್ಯತೆ ಮೊದಲಾದ ಪರಿಭಾಷೆಗಳು ಬರಬೇಕಾದುದು ಆಗಲೇ.

ಬೇರೆ ಪ್ರದೇಶಗಳ ಅಧ್ಯಾಪಕರು ತಮ್ಮ ನೆಲದ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಅಳವಡಿಸಿಕೊಳ್ಳಬಹುದು. ಸೋಲಾಪುರ, ಅಕ್ಕಲಕೋಟೆಗಳ ಕಡೆ ಕಬ್ಬಿನ ತೂಕದ ನಂಬಿಕೆ, ಹೊಸೂರಿನಲ್ಲಿ ಕಾರ್ಖಾನೆಯ ಕೆಲಸಗಾರರ ಸುರಕ್ಷತೆ, ನೀಲಗಿರಿಯಲ್ಲಿ ಇಳಿಜಾರಿನ ಮೇಲಿನ ಕಟ್ಟಡಗಳಿಗೆ ಅನುಮತಿ, ರಾಯದುರ್ಗ, ಮಡಕಶಿರಾಗಳ ಬಯಲಿನಲ್ಲಿ ಕೊಳವೆಬಾವಿಯ ಜಾಗವನ್ನು ಹೇಳುವವರ ಹೊಣೆ, ಹೀಗೆ ವಿದ್ಯಾರ್ಥಿಗಳ ಮನೆಯವರೇ ಬಲ್ಲ ವಿಷಯಗಳು ಬೇಕಾದಷ್ಟಿವೆ. ಸ್ಥಳೀಯ ವ್ಯಕ್ತಿಗಳನ್ನೂ ಸಂಸ್ಥೆಗಳನ್ನೂ ಹೆಸರಿಸಿ ತರಗತಿಯಲ್ಲಿ ವಿಚಾರಣೆ ನಡೆಸಬಾರದು. ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳಬೇಕು.

5. ಮೂರು ತೊಡಕುಗಳು

ಉಪದೇಶ: ಅಧ್ಯಾಪಕರು ಮೊದಲೇ ತೀರ್ಮಾನವನ್ನು ಹೇಳಿಬಿಟ್ಟರೆ ವಿದ್ಯಾರ್ಥಿಗಳು ಅದನ್ನೇ ಬರೆದುಕೊಂಡು ಒಪ್ಪಿಸುತ್ತಾರೆ. ತರಗತಿಯಲ್ಲಿ ಎಲ್ಲರೂ ಸತ್ಯವಂತರೇ. ಪರೀಕ್ಷೆ ಬರುವುದು ಕೆಲಸಕ್ಕೆ ಸೇರಿದ ಮೇಲೆ, ಮೇಲಧಿಕಾರಿ ಎದುರಿಗಿರುವಾಗ.

ಎಲ್ಲ ಅಭಿಪ್ರಾಯವೂ ಸಮ ಎಂಬ ನಿಲುವು: ಉಪದೇಶಕ್ಕೆ ಹೆದರಿದ ಅಧ್ಯಾಪಕರು ಇನ್ನೊಂದು ತುದಿಗೆ ಹೋಗಿ ‘ಇದರಲ್ಲಿ ಸರಿತಪ್ಪು ಇಲ್ಲ, ಅವರವರ ಅಭಿಪ್ರಾಯ’ ಎನ್ನುವುದುಂಟು. ಇದೂ ತಪ್ಪೇ. ಟಸ್ಕೀಗಿಯಲ್ಲಿ ನಡೆದುದು ಅಭಿಪ್ರಾಯಭೇದದ ವಿಷಯವಲ್ಲ. ಕೆಲವು ಪ್ರಶ್ನೆಗಳಿಗೆ ಖಚಿತವಾದ ಉತ್ತರವುಂಟು. ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಸಮರ್ಥನೀಯವಾದ ಉತ್ತರಗಳುಂಟು. ಎಲ್ಲ ಪ್ರಶ್ನೆಗಳಿಗೂ ಕೆಟ್ಟ ಉತ್ತರಗಳುಂಟು. ಕಾರಣ ಕೊಡಲಾಗದ ಉತ್ತರ, ಯಾರಿಗೆ ಕೇಡಾಗುವುದೆಂದು ನೋಡದ ಉತ್ತರ ಕೆಟ್ಟದ್ದೆಂದು ಹೇಳಲು ಅಧ್ಯಾಪಕರು ಹಿಂಜರಿಯಬಾರದು.

ಬಲಿದಾನದ ಕಥೆಗಳು: ರಾಷ್ಟ್ರೀಯ ಹೆದ್ದಾರಿ ಯೋಜನೆಯ ಅಕ್ರಮಗಳನ್ನು ಕುರಿತು ಪ್ರಧಾನಮಂತ್ರಿಗಳ ಕಚೇರಿಗೆ ಪತ್ರ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರು 2003ರ ನವೆಂಬರಿನಲ್ಲಿ ಗಯಾದಲ್ಲಿ ಹತ್ಯೆಗೊಳಗಾದರು. ಕೋಲಾರದ ಚಿನ್ನದ ಗಣಿ ಪ್ರದೇಶದಿಂದ ಹೋದ ಮಂಜುನಾಥ ಷಣ್ಮುಗಂ ಅವರು ಕಲಬೆರಕೆ ಮಾರುತ್ತಿದ್ದ ಪೆಟ್ರೋಲ್ ಬಂಕನ್ನು ಮುಚ್ಚಿಸಿದ್ದಕ್ಕಾಗಿ 2005ರ ನವೆಂಬರಿನಲ್ಲಿ ಉತ್ತರಪ್ರದೇಶದಲ್ಲಿ ಕೊಲೆಯಾದರು. ಈ ಹೆಸರುಗಳನ್ನು ವಿದ್ಯಾರ್ಥಿಗಳು ಅರಿತಿರಬೇಕು. ಆದರೆ ಇವುಗಳಿಂದಲೇ ಪಾಠವನ್ನು ತುಂಬಿದರೆ ‘ನೀತಿಯೆಂದರೆ ಪ್ರಾಣ ಕೊಡುವುದು; ಅದು ನಮ್ಮಂಥವರಿಂದಾಗದು’ ಎಂದು ವಿದ್ಯಾರ್ಥಿಗಳು ಕೈಚೆಲ್ಲುತ್ತಾರೆ. ದುಬೆ ಅವರು ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೋರಿದ್ದರು. ಪತ್ರವು ಹೆಸರಿನೊಡನೆಯೇ ಕಚೇರಿಯಿಂದ ಕಚೇರಿಗೆ ಹೋಯಿತು. ಹತ್ಯೆಗೂ ಪತ್ರಕ್ಕೂ ಇದ್ದ ಸಂಬಂಧವೇನೇ ಇರಲಿ, ಆ ಕೋರಿಕೆಗೆ ಬೆಲೆ ಸಿಗಲಿಲ್ಲ. ತರಗತಿಯಲ್ಲಿ ಚರ್ಚಿಸಬೇಕಾದ ಸ್ಥಾನ ಆ ಕಚೇರಿಯ ಮೇಜು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮುಂದೆ ಕುಳಿತುಕೊಳ್ಳುವುದು ಅಂಥ ಮೇಜುಗಳ ಮುಂದೆಯೇ. ಬಂದ ಪತ್ರವನ್ನು ಮುಂದಕ್ಕೆ ಕಳುಹಿಸುವ ಮೊದಲು ಹೆಸರನ್ನು ಮುಚ್ಚುವುದಕ್ಕೆ ಪ್ರಾಣತ್ಯಾಗ ಬೇಕಿಲ್ಲ, ಎಚ್ಚರ ಬೇಕು. ಒಬ್ಬರು ಎಚ್ಚರ ತಪ್ಪಿದರೆ ಇನ್ನೊಬ್ಬರ ಧೈರ್ಯಕ್ಕೆ ತೆರಬೇಕಾದ ಬೆಲೆ ಏರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು.

6. ನೊಂದವರ ಸಮಕ್ಷಮದಲ್ಲಿ

ನೆಲದ ಪ್ರಕರಣವನ್ನು ಎತ್ತಿಕೊಂಡಾಗ ವಿಶೇಷವಾದ ಎಚ್ಚರಿಕೆ ಬೇಕು. ಕಾಸರಗೋಡಿನ ತರಗತಿಯಲ್ಲಿ ಎಂಡೋಸಲ್ಫಾನಿನ ಮಾತು ಬಂದಾಗ, ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣನೋ ತಂಗಿಯೋ ಇರುವ ವಿದ್ಯಾರ್ಥಿಯು ಹಿಂದಿನ ಬೆಂಚಿನಲ್ಲಿ ಕುಳಿತಿರಬಹುದು. ಗಡಿಯಾಚೆಯ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆಯಿಂದ ಬಂದವರೂ ಇರಬಹುದು. ಅಲ್ಲಿಯೂ ಗೇರು ತೋಟಗಳ ಸಿಂಪಡಣೆಯ ನೋವು ಉಂಟು. ನಿಗಮದಲ್ಲಿ ದುಡಿದವರ ಮಗಳೂ ಅದೇ ತರಗತಿಯಲ್ಲಿರಬಹುದು. ಯಾರನ್ನೂ ‘ನಿಮ್ಮ ಮನೆಯ ಅನುಭವವನ್ನು ಹೇಳಿ’ ಎಂದು ಎಬ್ಬಿಸಬಾರದು. ಪ್ರಕರಣವನ್ನು ಒಂದು ವಾರ ಮೊದಲೇ ತಿಳಿಸಿ, ಬೇಡವೆನಿಸಿದವರಿಗೆ ಬೇರೊಂದು ಪ್ರಕರಣದ ಮೇಲೆ ಬರೆಯಲು ಅವಕಾಶ ಕೊಡಬೇಕು. ನೊಂದವರ ಚಿತ್ರಗಳನ್ನು ತೋರಿಸಿ ಕನಿಕರ ಹುಟ್ಟಿಸುವ ಅಗತ್ಯವಿಲ್ಲ. ಆ ಚಿತ್ರಗಳನ್ನು ತೆಗೆಯುವಾಗ ಸಮ್ಮತಿ ಕೇಳಿದ್ದರೇ ಎಂಬುದೇ ಪತ್ರಿಕೋದ್ಯಮದ ತರಗತಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ.

7. ಭಾಷೆಯ ವಿಷಯ

ಪರೀಕ್ಷೆಯ ಭಾಷೆ ಇಂಗ್ಲಿಷಾಗಿರಲಿ, ಮಲಯಾಳ, ತಮಿಳು, ಮರಾಠಿ, ತೆಲುಗುಗಳಾಗಿರಲಿ, ಗುಂಪುಚರ್ಚೆಯನ್ನು ವಿದ್ಯಾರ್ಥಿಗಳು ತಮಗೆ ಬೇಕಾದ ಭಾಷೆಯಲ್ಲಿ ನಡೆಸಲು ಬಿಡಬೇಕು. ತನ್ನ ಮಾತಿನಲ್ಲಿ ಕಾರಣ ಕೊಡಲು ಬಂದವರಿಗೆ ಅದನ್ನು ಬೇರೊಂದು ಭಾಷೆಗೆ ಒಯ್ಯುವುದು ಕಷ್ಟವಲ್ಲ. ಕನ್ನಡದಲ್ಲಿ ಇದಕ್ಕೆ ಬೇಕಾದ ಮಾತುಗಳ ಬಡತನವೂ ಇಲ್ಲ. ಹೊಣೆ, ಹಂಗು, ಮುಲಾಜು, ನಂಬಿಕೆ, ಋಣ, ದಾಕ್ಷಿಣ್ಯ ಎಂಬ ದಿನಬಳಕೆಯ ಪದಗಳಲ್ಲಿ ಸೂಕ್ಷ್ಮವಾದ ಭೇದಗಳಿವೆ. ‘ಹಿತಾಸಕ್ತಿಯ ಸಂಘರ್ಷ’ ಎಂಬುದು ಅರ್ಥವಾಗದಿದ್ದಾಗ ‘ಒಬ್ಬರ ಹಂಗಿನಲ್ಲಿದ್ದುಕೊಂಡು ಅವರ ಬಗ್ಗೆ ತೀರ್ಪು ಹೇಳುವುದು’ ಎಂದರೆ ತರಗತಿಯ ಮುಖಗಳು ಅರಳುತ್ತವೆ. ದಾಕ್ಷಿಣ್ಯಕ್ಕೆ ಸಹಿ ಹಾಕುವುದು ಎಂದರೇನೆಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ.

8. ಮೌಲ್ಯಮಾಪನ

ತೀರ್ಮಾನಕ್ಕೆ ಅಂಕ ಕೊಡಬಾರದು. ತೀರ್ಮಾನಕ್ಕೆ ಬಂದ ದಾರಿಗೆ ಕೊಡಬೇಕು. ಹೊಸದೊಂದು ಪ್ರಕರಣವನ್ನು ಕೊಟ್ಟು ಎರಡು ಪುಟ ಬರೆಯಲು ಹೇಳಿ ಐದು ಅಂಶಗಳನ್ನು ನೋಡಬಹುದು: ಸಂಗತಿಯನ್ನೂ ಊಹೆಯನ್ನೂ ಬೇರ್ಪಡಿಸಿದ್ದಾರೆಯೇ, ಬಾಧಿತರಾಗುವ ಎಲ್ಲರನ್ನೂ ಗುರುತಿಸಿದ್ದಾರೆಯೇ, ಸಂಘರ್ಷದಲ್ಲಿರುವ ಕರ್ತವ್ಯಗಳನ್ನು ಹೆಸರಿಸಿದ್ದಾರೆಯೇ, ವಿರುದ್ಧ ವಾದವನ್ನು ನ್ಯಾಯವಾಗಿ ಮಂಡಿಸಿ ಉತ್ತರಿಸಿದ್ದಾರೆಯೇ, ಹೊಸದಾಗಿ ಕೆಲಸಕ್ಕೆ ಸೇರಿದ ವ್ಯಕ್ತಿ ನಿಜವಾಗಿ ಇಡಬಹುದಾದ ಮೊದಲ ಹೆಜ್ಜೆಯನ್ನು ಸೂಚಿಸಿದ್ದಾರೆಯೇ. ಕೊನೆಯ ಅಂಶಕ್ಕೆ ವಿಶೇಷ ಗಮನ ಕೊಡಬೇಕು. ‘ರಾಜೀನಾಮೆ ಕೊಡುತ್ತೇನೆ’ ಎಂದು ಬರೆಯುವುದು ಸುಲಭ. ‘ಮೊದಲು ಅಳತೆಯನ್ನು ಇನ್ನೊಮ್ಮೆ ತೆಗೆದು, ದಿನಾಂಕದೊಡನೆ ಬರೆದಿಟ್ಟು, ಹಿರಿಯ ಸಹೋದ್ಯೋಗಿಯ ಅಭಿಪ್ರಾಯವನ್ನು ಕೇಳಿ, ಆಮೇಲೆ ಲಿಖಿತವಾಗಿ ತಿಳಿಸುತ್ತೇನೆ’ ಎಂದು ಬರೆದವರು ವೃತ್ತಿಗೆ ಹೆಚ್ಚು ಸಿದ್ಧರಾದವರು.

9. ಅಧ್ಯಾಪಕರ ನಡೆ

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಅಧ್ಯಾಪಕರ ವೃತ್ತಿನೀತಿ ಸಂಹಿತೆಯೂ ಇದೆ. ಈ ವಿಷಯವನ್ನು ಕಲಿಸುವವರು ಅದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಅವರೊಡನೆ ಓದುವುದು ಒಳ್ಳೆಯ ಆರಂಭ. ವಿದ್ಯಾರ್ಥಿಗಳು ಮೊದಲು ಗಮನಿಸುವ ವೃತ್ತಿನಿರತರು ತಮ್ಮ ಅಧ್ಯಾಪಕರೇ. ಆಂತರಿಕ ಅಂಕಗಳನ್ನು ಹೇಗೆ ಕೊಡುತ್ತಾರೆ, ಪರಿಚಯದವರ ಮಕ್ಕಳನ್ನು ಹೇಗೆ ಕಾಣುತ್ತಾರೆ, ಬೇರೆಯವರ ಬರಹವನ್ನು ತಮ್ಮದೆಂದು ಹೇಳುತ್ತಾರೆಯೇ ಎಂಬುದೆಲ್ಲವೂ ಅವರಿಗೆ ಕಾಣುತ್ತದೆ.

ಹಾಜರಾತಿ ಕಡಿಮೆಯಾದ ವಿದ್ಯಾರ್ಥಿಯೊಬ್ಬ ಬಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕಷ್ಟವಿರುವುದು ನಿಜ, ನಿಯಮವಿರುವುದೂ ನಿಜ. ಅಧ್ಯಾಪಕರ ತೀರ್ಮಾನ ಯಾವುದೇ ಇರಲಿ, ಅದರ ಕಾರಣವನ್ನು ಅವನಿಗೆ ಬಿಡಿಸಿ ಹೇಳಲು ಸಾಧ್ಯವಾಗಬೇಕು. ಅದೇ ಕಷ್ಟದಲ್ಲಿರುವ ಇನ್ನೊಬ್ಬ ವಿದ್ಯಾರ್ಥಿ ನಾಳೆ ಬಂದರೆ ಅದೇ ಕಾರಣವನ್ನು ಅವನಿಗೂ ಹೇಳಲು ಸಾಧ್ಯವಾಗಬೇಕು. ತರಗತಿಯಲ್ಲಿ ವಿದ್ಯಾರ್ಥಿಗಳಿಂದ ನಾವು ಕೇಳುವುದು ಇದನ್ನೇ. ಇದಕ್ಕೆ ಯಾವ ಶಾಸ್ತ್ರದ ಪದವಿಯೂ ಬೇಕಾಗಿಲ್ಲ.